ಒರೆಗಲ್ಲೇ ಇಲ್ಲದ ಲೋಹ: ಮೇರಿ ಕ್ಯೂರಿ ರೇಡಿಯಂ ಅನ್ನು ಶುದ್ಧ ಮಾಡಿದ ಕತೆ

ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದಾದರೂ ‘ರೇಡಿಯಂ ಕಟಿಂಗ್’ ಅಂಗಡಿ ಇರುತ್ತದೆ. ಆಟೋ ಹಿಂದೆ ದೇವರ ಹೆಸರು, ಬೈಕಿನ ಮೇಲೆ ಮಗಳ ಹೆಸರು, ಲಾರಿಯ ಅಂಚಿಗೆ ಕೆಂಪು ಪಟ್ಟಿ ಎಲ್ಲವನ್ನೂ ಅಲ್ಲಿ ಕತ್ತರಿಸಿ ಅಂಟಿಸಿಕೊಡುತ್ತಾರೆ. ರಾತ್ರಿ ಹೆಡ್‌ಲೈಟ್ ಬಿದ್ದರೆ ಅದು ಫಳಫಳ ಹೊಳೆಯುತ್ತದೆ. ಹಾಗಾದರೆ ಅದರಲ್ಲಿ ರೇಡಿಯಂ ಇದೆಯೇ? ಒಂದು ಚೂರೂ ಇಲ್ಲ. ಅದರಲ್ಲಿರುವುದು ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಸಣ್ಣ ಸಣ್ಣ ಗಾಜಿನ ಮಣಿಗಳು ಅಥವಾ ಪ್ಲಾಸ್ಟಿಕ್ ಪಟ್ಟಕಗಳು. ಕತ್ತಲಲ್ಲಿ ತಾವಾಗಿಯೇ ಮಿನುಗುವ ನಕ್ಷತ್ರದ ಸ್ಟಿಕರ್‌ಗಳಲ್ಲಿಯೂ ರೇಡಿಯಂ ಇಲ್ಲ. ಅವು ಹಗಲಿನ ಬೆಳಕನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವ ಬೇರೆ ರಾಸಾಯನಿಕಗಳು.

ಹೆಸರು ಮಾತ್ರ ಉಳಿದುಕೊಂಡಿದೆ. ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳ ಇಡೀ ಬದುಕೇ ಇದೆ. ಮೇರಿ ಕ್ಯೂರಿ ರೇಡಿಯಂ ಅನ್ನು ಕಂಡುಹಿಡಿದರು ಎಂದು ನಾವೆಲ್ಲ ಶಾಲೆಯಲ್ಲಿ ಒಂದು ಅಂಕದ ಉತ್ತರ ಬರೆದಿದ್ದೇವೆ. ಆದರೆ ಕಂಡುಹಿಡಿದದ್ದು 1898ರಲ್ಲಿ. ಅದನ್ನು ಬೇರ್ಪಡಿಸಿ, ಶುದ್ಧ ಮಾಡಿ, ಶುದ್ಧವಾಗಿದೆ ಎಂದು ಜಗತ್ತಿಗೆ ಒಪ್ಪಿಸಲು ಹಿಡಿದದ್ದು ಇನ್ನೂ 12 ವರ್ಷ. ಈ ಬರಹದಲ್ಲಿ ನಾವು ಹೇಳಹೊರಟಿರುವುದು ಆ 12 ವರ್ಷದ ಕತೆಯನ್ನು.

ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳೋಣ. ಚಿನ್ನ ಅಪ್ಪಟವೇ ಎಂದು ನೋಡಲು ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುತ್ತಾರೆ. ಪಕ್ಕದಲ್ಲಿ ಗೊತ್ತಿರುವ ಚಿನ್ನದ ಗೆರೆ ಎಳೆದು ಹೋಲಿಸುತ್ತಾರೆ. ಆದರೆ ಜಗತ್ತಿನಲ್ಲಿ ಯಾರೂ ಒಮ್ಮೆಯೂ ಕಣ್ಣಿಂದ ನೋಡಿರದ ವಸ್ತು ನಿಮ್ಮ ಕೈಲಿದ್ದರೆ? ಹೋಲಿಸಲು ಏನೂ ಇಲ್ಲದಿದ್ದರೆ ಅದು ಶುದ್ಧ ಎಂದು ಹೇಳುವುದು ಹೇಗೆ?

ವಾರ್ಸಾದಿಂದ ಪ್ಯಾರಿಸ್‌ಗೆ

ಮಾರಿಯಾ ಸ್ಕ್ಲೊಡೊವ್‌ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಆಗ ಆ ಊರು ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಐವರು ಮಕ್ಕಳಲ್ಲಿ ಈಕೆಯೇ ಕೊನೆಯವಳು. ಹತ್ತು ವರ್ಷದವಳಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು.

ಹೆಣ್ಣುಮಕ್ಕಳಿಗೆ ವಾರ್ಸಾ ವಿಶ್ವವಿದ್ಯಾಲಯದಲ್ಲಿ ಪ್ರವೇಶವಿರಲಿಲ್ಲ. ಅಕ್ಕ ಬ್ರೋನ್ಯಾ ಮತ್ತು ಮಾರಿಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ಮನೆಪಾಠ ಹೇಳಿ ಹಣ ಕಳಿಸುವುದು. ಅಕ್ಕ ನೆಲೆ ನಿಂತ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಹಾಗೆಯೇ ನಡೆಯಿತು. ವರ್ಷಗಟ್ಟಲೆ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದ ಮಾರಿಯಾ, ಹೊರಡುವ ಮುನ್ನ ವಾರ್ಸಾದ ಒಂದು ವಸ್ತುಸಂಗ್ರಹಾಲಯದ ಪ್ರಯೋಗಾಲಯದಲ್ಲಿ ರಾಸಾಯನಿಕ ವಿಶ್ಲೇಷಣೆಯ ಕೆಲಸ ಕಲಿತರು. ಅದನ್ನು ನಡೆಸುತ್ತಿದ್ದವರು ಅವರ ಸಂಬಂಧಿಯೇ ಆದ ಯೂಜೆಫ್ ಬೊಗುಸ್ಕಿ. ಅವರು ಹಿಂದೆ ಮೆಂಡಲೀವ್ ಅವರ ಸಹಾಯಕರಾಗಿದ್ದವರು. ಒಂದು ಕಲ್ಲಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೊರತೆಗೆಯುವ ಈ ವಿದ್ಯೆ ಮುಂದೆ ಅವರ ಕೈ ಹಿಡಿಯಿತು.

1891ರಲ್ಲಿ ಪ್ಯಾರಿಸ್ ಸೇರಿದರು. ಮಾರಿಯಾ ಅಲ್ಲಿ ಮೇರಿ ಆದರು. 1893ರಲ್ಲಿ ಭೌತಶಾಸ್ತ್ರದ, 1894ರಲ್ಲಿ ಗಣಿತದ ಪದವಿ ಪಡೆದರು. 1895ರಲ್ಲಿ ಪಿಯರ್ ಕ್ಯೂರಿ ಅವರನ್ನು ಮದುವೆಯಾದರು. 1897ರಲ್ಲಿ ಮೊದಲ ಮಗಳು ಐರೀನ್ ಹುಟ್ಟಿದಳು. ಅದೇ ಹೊತ್ತಿಗೆ ಡಾಕ್ಟರೇಟ್‌ಗೆ ವಿಷಯ ಹುಡುಕುತ್ತಿದ್ದರು.

ಅದಿರಿನಲ್ಲಿ ಅಡಗಿ ಕೂತದ್ದು ಯಾರು?

1896ರಲ್ಲಿ ಬೆಕರೆಲ್ ಅವರು ಯುರೇನಿಯಂ ತನ್ನಷ್ಟಕ್ಕೆ ತಾನೇ ಕಣ್ಣಿಗೆ ಕಾಣದ ಕಿರಣ ಸೂಸುತ್ತದೆ ಎಂದು ತೋರಿಸಿದ್ದರು. ಮೇರಿ ಇದನ್ನೇ ಕೈಗೆತ್ತಿಕೊಂಡರು. ಈ ಕಿರಣಗಳು ಗಾಳಿಯಲ್ಲಿ ಬಹಳ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತವೆ. ಅಂಥ ಸಣ್ಣ ವಿದ್ಯುತ್ತನ್ನು ಅಳೆಯುವ ಸಾಧನವನ್ನು ಪಿಯರ್ ಮತ್ತು ಅವರ ಅಣ್ಣ ಮೊದಲೇ ರೂಪಿಸಿದ್ದರು.

ಅಳೆಯುತ್ತ ಹೋದಾಗ ಒಂದು ವಿಚಿತ್ರ ಎದುರಾಯಿತು. ಪಿಚ್‌ಬ್ಲೆಂಡ್ ಎಂಬುದು ಯುರೇನಿಯಂ ಸಿಗುವ ಕಪ್ಪು ಅದಿರು. ಅದರಲ್ಲಿ ಯುರೇನಿಯಂ ಜೊತೆ ಬೇರೆ ಕಸವೂ ಇರುವುದರಿಂದ ಅದರ ಕಿರಣ ಶುದ್ಧ ಯುರೇನಿಯಂಗಿಂತ ಕಡಿಮೆ ಇರಬೇಕಿತ್ತು. ಆದರೆ ಅಳತೆಯಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು ಬಂತು! ಚಾಲ್ಕೊಲೈಟ್ ಎಂಬ ಇನ್ನೊಂದು ಅದಿರೂ ಹೀಗೆಯೇ ಹೆಚ್ಚು ತೋರಿಸಿತು. ಮೇರಿ ಆಗ ಮಾಡಿದ ಕೆಲಸ ಗಮನಿಸಬೇಕು. ಶುದ್ಧ ರಾಸಾಯನಿಕಗಳನ್ನು ಸೇರಿಸಿ ಅದೇ ಚಾಲ್ಕೊಲೈಟನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ತಯಾರಿಸಿದ್ದು ಹೆಚ್ಚುವರಿ ಕಿರಣ ಸೂಸಲಿಲ್ಲ. ಅಂದರೆ ನೆಲದಿಂದ ತೆಗೆದ ಅದಿರಿನಲ್ಲಿ ಬೇರೇನೋ ಇದೆ, ಅದು ಬಹಳ ಕಡಿಮೆ ಇದೆ, ಆದರೆ ಅದರ ಕಿರಣ ಬಹಳ ಜೋರಾಗಿದೆ.

ರೇಡಿಯಂ ಆಕಸ್ಮಿಕವಾಗಿ ಸಿಕ್ಕಿತು ಎಂದು ಕೆಲವರು ನಂಬಿದ್ದಾರೆ. ಅದು ತಪ್ಪು. ಲೆಕ್ಕ ಹಾಕಿ, ತಾಳೆ ನೋಡಿ, ಇದೆ ಎಂದು ಖಚಿತ ಮಾಡಿಕೊಂಡು ಹುಡುಕಲು ಹೊರಟದ್ದು ಅದು.

ಹುಡುಕುವ ಬಗೆಯೂ ಹೊಸದಾಗಿತ್ತು. ಅದಿರನ್ನು ಆಮ್ಲದಲ್ಲಿ ಕರಗಿಸುವುದು, ಒಂದೊಂದೇ ರಾಸಾಯನಿಕ ಹಾಕಿ ಒಂದೊಂದು ಗುಂಪಿನ ಲೋಹಗಳನ್ನು ಗಸಿಯಾಗಿ ತಳಕ್ಕೆ ಇಳಿಸುವುದು, ಸೋಸುವುದು. ಸೋಸಿದ ಮೇಲೆ ಎರಡು ಭಾಗ: ಗಸಿ ಮತ್ತು ತಿಳಿ. ಎರಡರ ಕಿರಣವನ್ನೂ ಅಳೆಯುವುದು. ಕಿರಣ ಯಾವ ಕಡೆ ಹೋಯಿತೋ ಆ ಭಾಗವನ್ನು ಇಟ್ಟುಕೊಂಡು ಮತ್ತೆ ಒಡೆಯುವುದು. ಹೀಗೆ ಬೆನ್ನಟ್ಟಿದಾಗ ಕಿರಣ ಎರಡು ಕಡೆ ಹೋಗಿ ನಿಂತಿತು. ಒಂದು ಬಿಸ್ಮತ್ ಲೋಹದ ಜೊತೆ. ಅದಕ್ಕೆ ತಾಯ್ನಾಡಿನ ನೆನಪಿಗೆ ಪೊಲೋನಿಯಂ ಎಂದು ಹೆಸರಿಟ್ಟರು. 1898ರ ಜುಲೈನಲ್ಲಿ ಅದರ ಪ್ರಕಟಣೆ ಬಂತು. ಇನ್ನೊಂದು ಬೇರಿಯಂ ಲೋಹದ ಜೊತೆ. ಅದೇ ರೇಡಿಯಂ. 1898ರ ಡಿಸೆಂಬರ್ 26ರಂದು ಪ್ರಕಟವಾದಾಗ ಅವರ ಬಳಿ ಇದ್ದ ಮಾದರಿ ಯುರೇನಿಯಂಗಿಂತ 900 ಪಟ್ಟು ಹೆಚ್ಚು ಕಿರಣ ಸೂಸುತ್ತಿತ್ತು. ಆದರೂ ಅದರಲ್ಲಿದ್ದದ್ದು ಬಹುಪಾಲು ಬೇರಿಯಂ.

ಒಂದು ಸಾಕ್ಷಿ ಆಗಲೇ ಸಿಕ್ಕಿತ್ತು. ಪ್ರತಿ ಧಾತುವನ್ನು ಕಾಯಿಸಿದಾಗ ಅದು ತನ್ನದೇ ಬಣ್ಣದ ಗೆರೆಗಳ ಬೆಳಕು ಬೀರುತ್ತದೆ. ಇದಕ್ಕೆ ರೋಹಿತ ಎನ್ನುತ್ತೇವೆ. ರೋಹಿತ ಓದುವುದರಲ್ಲಿ ಪಳಗಿದ್ದ ಯೂಜೀನ್ ಡಿಮಾರ್ಸೆ ಅವರು ಕ್ಯೂರಿ ದಂಪತಿಯ ಮಾದರಿಯಲ್ಲಿ ಗೊತ್ತಿರುವ ಯಾವ ಧಾತುವಿಗೂ ಸೇರದ ಒಂದು ಗೆರೆ ಕಂಡರು. ಮಾದರಿ ಬಲವಾದಷ್ಟೂ ಆ ಗೆರೆಯೂ ಬಲವಾಗುತ್ತಿತ್ತು.

ಆದರೆ ರಸಾಯನಶಾಸ್ತ್ರಜ್ಞರಿಗೆ ಇಷ್ಟು ಸಾಲದು. ತೂಗಲು ಬರಬೇಕು, ಬಾಟಲಿಯಲ್ಲಿ ಹಾಕಿ ತೋರಿಸಬೇಕು, ಅದರ ಪರಮಾಣು ತೂಕ ಹೇಳಬೇಕು.

ಸೋರುವ ಸೂರಿನ ಕೆಳಗೆ

ಬೊಹೀಮಿಯಾದ ಯೋಆಖಿಮ್ಸ್‌ಟಾಲ್ ಗಣಿಯಲ್ಲಿ ಯುರೇನಿಯಂ ತೆಗೆದು ಉಳಿದ ಚರಟವನ್ನು ಕಾಡಿನಲ್ಲಿ ಸುರಿಯುತ್ತಿದ್ದರು. ರೇಡಿಯಂ ಉಳಿದಿದ್ದದ್ದು ಆ ಚರಟದಲ್ಲೇ. ಆಸ್ಟ್ರಿಯಾ ಸರ್ಕಾರದ ಒಪ್ಪಿಗೆ ಪಡೆದು ಮೊದಲು ಒಂದು ಟನ್, ಆಮೇಲೆ ಇನ್ನೂ ಹಲವು ಟನ್ ಪ್ಯಾರಿಸ್‌ಗೆ ಬಂತು. ಪೈನ್ ಮರದ ಒಣ ಎಲೆಗಳೊಂದಿಗೆ ಬೆರೆತ ಕಂದು ಮಣ್ಣು.

ಕೆಲಸಕ್ಕೆ ಸಿಕ್ಕಿದ್ದು ಪಿಯರ್ ಪಾಠ ಮಾಡುತ್ತಿದ್ದ ಶಾಲೆಯ ಅಂಗಳದ ಒಂದು ಶೆಡ್. ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ ಜಾಗ. ಗಾಜಿನ ಚಾವಣಿ ಸೋರುತ್ತಿತ್ತು. ವಿಷಗಾಳಿ ಹೊರಹಾಕುವ ವ್ಯವಸ್ಥೆ ಇರಲಿಲ್ಲ, ಹಾಗಾಗಿ ಅಂಗಳದಲ್ಲೇ ಕುದಿಸುವ ಕೆಲಸ. ಮೇರಿ ಒಂದು ಸಲಕ್ಕೆ ಸುಮಾರು 20 ಕಿಲೋ ಅದಿರು ಹಾಕಿ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ದಿನವಿಡೀ ತಿರುವುತ್ತಿದ್ದರು.

ಆದರೆ ಎಲ್ಲವನ್ನೂ ಅವರೊಬ್ಬರೇ ಮಾಡಿದರು ಎಂಬುದೂ ಪೂರ್ತಿ ನಿಜವಲ್ಲ. ಮುಂದೆ ಮೊದಲ ಹಂತದ ಒರಟು ಕೆಲಸವನ್ನು ಆಂಡ್ರೆ ಡೆಬಿಯೆರ್ನ್ ಅವರ ಉಸ್ತುವಾರಿಯಲ್ಲಿ ಒಂದು ಕಾರ್ಖಾನೆಗೆ ವಹಿಸಲಾಯಿತು. ಚರಟವನ್ನು ಸೋಡಿಯಂ ಕಾರ್ಬೊನೇಟ್ ಜೊತೆ ಕುದಿಸಿ, ತೊಳೆದು, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸಲ್ಫ್ಯೂರಿಕ್ ಆಮ್ಲ ಹಾಕಿ ಮತ್ತೆ ಗಸಿ ಮಾಡಿ, ಹೀಗೆ ಹಲವು ಸುತ್ತು. ಸೀಸ, ಸುಣ್ಣ, ಕಬ್ಬಿಣ, ಮರಳು ಎಲ್ಲ ಹೋಗಿ ಒಂದು ಟನ್ನಿನಿಂದ ಸುಮಾರು 8 ಕಿಲೋ ಬೇರಿಯಂ ಉಪ್ಪು ಉಳಿಯುತ್ತಿತ್ತು. ಅದರೊಳಗೆ ರೇಡಿಯಂ.

ಅಕ್ಕತಂಗಿಯರನ್ನು ಬೇರೆ ಮಾಡುವುದು

ನಿಜವಾದ ಕಷ್ಟ ಇಲ್ಲಿಂದ ಶುರು. ಯಾವುದೇ ಬೇರ್ಪಡಿಸುವ ಕೆಲಸಕ್ಕೆ ಎರಡರ ನಡುವೆ ಒಂದು ವ್ಯತ್ಯಾಸ ಬೇಕು. ಜರಡಿಗೆ ಗಾತ್ರದ ವ್ಯತ್ಯಾಸ ಬೇಕು, ಮೊರಕ್ಕೆ ತೂಕದ ವ್ಯತ್ಯಾಸ ಬೇಕು. ಬೇರಿಯಂ ಮತ್ತು ರೇಡಿಯಂ ಆವರ್ತ ಕೋಷ್ಟಕದಲ್ಲಿ ಒಂದೇ ಕಂಬಸಾಲಿನವು. ಒಂದು ಕರಗಿದರೆ ಇನ್ನೊಂದೂ ಕರಗುತ್ತದೆ, ಒಂದು ತಳಕ್ಕಿಳಿದರೆ ಇನ್ನೊಂದೂ ಇಳಿಯುತ್ತದೆ. ಇದ್ದ ವ್ಯತ್ಯಾಸ ಒಂದೇ: ರೇಡಿಯಂ ಕ್ಲೋರೈಡ್ ನೀರಿನಲ್ಲಿ ಬೇರಿಯಂ ಕ್ಲೋರೈಡಿಗಿಂತ ತುಸು ಕಡಿಮೆ ಕರಗುತ್ತದೆ.

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೀವು ನೋಡಿರಬಹುದು. ಸಮುದ್ರದ ನೀರು ಬಿಸಿಲಿಗೆ ಆರುತ್ತ ಹೋದಂತೆ ಉಪ್ಪು ಹರಳುಗಟ್ಟುತ್ತದೆ. ಆದರೆ ಮೆಗ್ನೀಶಿಯಂನ ಕಹಿ ಲವಣಗಳು ಹೆಚ್ಚು ಕರಗುವಂಥವು, ಹಾಗಾಗಿ ಅವು ಉಳಿದ ನೀರಿನಲ್ಲೇ ಇರುತ್ತವೆ. ಪೂರ್ತಿ ಆರುವ ಮೊದಲೇ ಉಪ್ಪನ್ನು ಎಳೆದು ತೆಗೆದುಬಿಟ್ಟರೆ ಕಹಿ ಹಿಂದೆ ಉಳಿಯುತ್ತದೆ. ಕಡಿಮೆ ಕರಗುವುದು ಮೊದಲು ಹರಳಾಗುತ್ತದೆ ಎಂಬುದೇ ಇಲ್ಲಿನ ಸೂತ್ರ.

ಮೇರಿ ಹಿಡಿದದ್ದೂ ಇದೇ ಸೂತ್ರವನ್ನು. ಉಪ್ಪನ್ನು ಕುದಿಯುವ ನೀರಿನಲ್ಲಿ ಕರಗುವಷ್ಟು ಕರಗಿಸಿ ತಣಿಯಲು ಬಿಡುವುದು. ಬಟ್ಟಲಿನ ತಳದಲ್ಲಿ ಹರಳು ಕಟ್ಟುತ್ತದೆ. ಆ ಹರಳಿನಲ್ಲಿ ರೇಡಿಯಂ ಪಾಲು ಮೊದಲಿಗಿಂತ ಹೆಚ್ಚು, ಮೇಲಿನ ನೀರಿನಲ್ಲಿ ಕಡಿಮೆ. ಆದರೆ ಹರಳಿನಲ್ಲಿ ಬೇರಿಯಂ ಇನ್ನೂ ಇದೆ, ನೀರಿನಲ್ಲಿ ರೇಡಿಯಂ ಇನ್ನೂ ಇದೆ. ಹಾಗಾಗಿ ಎರಡನ್ನೂ ಬಿಸಾಡುವಂತಿಲ್ಲ. ಹರಳನ್ನು ಮತ್ತೆ ಕರಗಿಸಿ ಹರಳಾಗಿಸುವುದು, ನೀರನ್ನು ಆರಿಸಿ ಅದರಿಂದಲೂ ಹರಳು ತೆಗೆಯುವುದು. ಈ ಬಟ್ಟಲಿನ ನೀರು ಪಕ್ಕದ ಬಟ್ಟಲಿನ ಹರಳಿಗೆ, ಆ ಬಟ್ಟಲಿನ ನೀರು ಅದರಾಚೆಗೆ. ಸಾಲಾಗಿ ಜೋಡಿಸಿದ ಬಟ್ಟಲುಗಳಲ್ಲಿ ರೇಡಿಯಂ ಒಂದು ಕಡೆಗೆ, ಬೇರಿಯಂ ಇನ್ನೊಂದು ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿತ್ತು. ಇದಕ್ಕೆ ಆಂಶಿಕ ಸ್ಫಟಿಕೀಕರಣ ಎಂದು ಹೆಸರು.

ಹಿಂದೆ ಕ್ವಿಂಟಾಲ್ ಲೆಕ್ಕದಲ್ಲಿದ್ದದ್ದು ಈಗ ಬಟ್ಟಲು, ಆಮೇಲೆ ಚಮಚ, ಆಮೇಲೆ ಚಿಟಿಕೆ. ವಸ್ತು ಕಡಿಮೆಯಾದಷ್ಟೂ ಶೆಡ್ಡಿನ ಧೂಳು ದೊಡ್ಡ ಶತ್ರುವಾಯಿತು. ಗಾಳಿಗೆ ಹಾರಿ ಬಂದ ಕಲ್ಲಿದ್ದಲ ಪುಡಿ, ಕಬ್ಬಿಣದ ತುಕ್ಕು ಬಟ್ಟಲಿಗೆ ಬಿದ್ದರೆ ವಾರಗಳ ದುಡಿಮೆ ಹಾಳು. ರಾತ್ರಿ ಮಾತ್ರ ಬೇರೆ ನೋಟ. ಬಟ್ಟಲುಗಳು ಕತ್ತಲಲ್ಲಿ ನಸುನೀಲಿಯಾಗಿ ಮಿನುಗುತ್ತಿದ್ದವು. ಮಗು ಮಲಗಿದ ಮೇಲೆ ಗಂಡ ಹೆಂಡತಿ ಅದನ್ನು ನೋಡಲೆಂದೇ ಶೆಡ್ಡಿಗೆ ಹೋಗುತ್ತಿದ್ದುದುಂಟು.

ಶುದ್ಧ ಎಂದು ತಿಳಿದದ್ದು ಹೇಗೆ?

ಕಿರಣ ಜೋರಾಗಿದೆ ಎಂದ ಮಾತ್ರಕ್ಕೆ ಶುದ್ಧ ಎನ್ನಲಾಗದು. ಹೊಸದಾಗಿ ಹರಳುಗಟ್ಟಿದ ರೇಡಿಯಂ ಉಪ್ಪಿನ ಕಿರಣ ಸುಮಾರು ಒಂದು ತಿಂಗಳ ತನಕ ತಾನಾಗಿಯೇ ಏರುತ್ತಿರುತ್ತದೆ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಮತ್ತು ಅದರ ಮರಿಗಳು ಒಳಗೇ ಸೇರಿಕೊಳ್ಳುವುದು ಅದಕ್ಕೆ ಕಾರಣ. ಹಾಗಾಗಿ ಮೇರಿ ತಕ್ಕಡಿಯ ಮೊರೆ ಹೋದರು.

ಲೆಕ್ಕ ಹೀಗೆ. ಬೇರಿಯಂನ ಒಂದು ಪರಮಾಣು ಎರಡು ಕ್ಲೋರಿನ್ ಪರಮಾಣುಗಳನ್ನು ಹಿಡಿದಿರುತ್ತದೆ. ಗುಣದಲ್ಲಿ ತಂಗಿಯಂತಿರುವ ರೇಡಿಯಂ ಕೂಡ ಎರಡನ್ನೇ ಹಿಡಿದಿರಬೇಕು. ಉಪ್ಪನ್ನು ತೂಗಿ, ಕರಗಿಸಿ, ಬೆಳ್ಳಿಯ ಲವಣ ಹಾಕಿದರೆ ಕ್ಲೋರಿನ್ ಪೂರ್ತಿಯಾಗಿ ಸಿಲ್ವರ್ ಕ್ಲೋರೈಡ್ ಗಸಿಯಾಗಿ ಇಳಿಯುತ್ತದೆ. ಅದನ್ನು ತೂಗಿದರೆ ಕ್ಲೋರಿನ್ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಅದರ ಅರ್ಧದಷ್ಟು ಲೋಹದ ಪರಮಾಣುಗಳು ಇದ್ದವು ಎಂದಾಯಿತು. ಒಟ್ಟು ತೂಕದಲ್ಲಿ ಕ್ಲೋರಿನ್ ತೂಕ ಕಳೆದು, ಆ ಎಣಿಕೆಯಿಂದ ಭಾಗಿಸಿದರೆ ಲೋಹದ ಒಂದು ಪರಮಾಣುವಿನ ಸರಾಸರಿ ತೂಕ.

ಸರಾಸರಿ ಎಂಬ ಮಾತೇ ಇಲ್ಲಿ ಕೀಲಿಕೈ. ನಿಂಬೆಹಣ್ಣು ಮತ್ತು ತೆಂಗಿನಕಾಯಿ ಬೆರೆತ ಮೂಟೆಯ ಸರಾಸರಿ ತೂಕ ಎರಡರ ನಡುವೆ ಎಲ್ಲೋ ಇರುತ್ತದೆ. ನಿಂಬೆಹಣ್ಣು ತೆಗೆಯುತ್ತ ಹೋದಂತೆ ಸರಾಸರಿ ಏರುತ್ತದೆ. ತೆಂಗಿನಕಾಯಿ ಮಾತ್ರ ಉಳಿದ ಮೇಲೆ ಎಷ್ಟು ಆರಿಸಿದರೂ ಏರುವುದಿಲ್ಲ.

ಬೇರಿಯಂನ ಪರಮಾಣು ತೂಕ ಸುಮಾರು 137. ಮೇರಿ ತೂಗಿದ ಮೊದಲ ಮಾದರಿಗಳಲ್ಲಿ ಸುಮಾರು 140 ಬಂತು. ಬೇರಿಯಂಗಿಂತ ಕೂದಲೆಳೆಯಷ್ಟು ಹೆಚ್ಚು. ಇನ್ನಷ್ಟು ಶುದ್ಧ ಮಾಡಿದಾಗ ಸುಮಾರು 146. ಮತ್ತಷ್ಟು ಮಾಡಿದಾಗ 174ರ ಹತ್ತಿರ. ಇಂದಿನ ಲೆಕ್ಕದಲ್ಲಿ ನೋಡಿದರೆ ಆ ಹಂತದಲ್ಲಿಯೂ ನೂರು ಪರಮಾಣುಗಳಲ್ಲಿ ರೇಡಿಯಂ ಇದ್ದದ್ದು ಸುಮಾರು ನಲವತ್ತು ಮಾತ್ರ. 1902ರಲ್ಲಿ, ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು ಉಪ್ಪು ಕೈಲಿದ್ದಾಗ, ಉತ್ತರ 225 ಬಂತು. ರೋಹಿತದಲ್ಲಿ ಬೇರಿಯಂನ ಬಲವಾದ ಗೆರೆಗಳು ಬಹಳ ಮಂದವಾಗಿ ಮಾತ್ರ ಉಳಿದಿದ್ದವು. ತಕ್ಕಡಿ ಮತ್ತು ಬೆಳಕು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವು. ಹೋಲಿಸಲು ಒರೆಗಲ್ಲಿಲ್ಲದಾಗ ಶುದ್ಧತೆಯನ್ನು ನಂಬುವುದು ಹೀಗೆಯೇ.

ಮರುವರ್ಷ, 1903ರಲ್ಲಿ, ಬೆಕರೆಲ್ ಮತ್ತು ಕ್ಯೂರಿ ದಂಪತಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಶುದ್ಧ ಮಾಡುವ ವಿಧಾನಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಒಬ್ಬರೇ ಉಳಿದಾಗ ಬಂದ ಸವಾಲು

1906ರ ಏಪ್ರಿಲ್ 19ರಂದು ಪ್ಯಾರಿಸ್ ಬೀದಿಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಕೊಂಡರು. ಮೇರಿಗೆ ಆಗ 38 ವರ್ಷ, ಇಬ್ಬರು ಹೆಣ್ಣುಮಕ್ಕಳು. ಸೋರ್ಬಾನ್ ವಿಶ್ವವಿದ್ಯಾಲಯ ಪಿಯರ್ ಅವರ ಪಾಠಗಳನ್ನು ಅವರಿಗೆ ವಹಿಸಿತು. ಅಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರು.

ಅದೇ ವರ್ಷ ಆಗಸ್ಟ್‌ನಲ್ಲಿ ಬ್ರಿಟನ್ನಿನ ಹಿರಿಯ ವಿಜ್ಞಾನಿ ಲಾರ್ಡ್ ಕೆಲ್ವಿನ್ ಪತ್ರಿಕೆಯೊಂದರಲ್ಲಿ ಒಂದು ವಾದ ಹೂಡಿದರು. ರೇಡಿಯಂ ಧಾತುವೇ ಅಲ್ಲ, ಸೀಸ ಮತ್ತು ಹೀಲಿಯಂ ಸೇರಿದ ಒಂದು ಸಂಯುಕ್ತ ಇರಬಹುದು ಎಂದರು. ರೇಡಿಯಂನಿಂದ ಹೀಲಿಯಂ ಹೊರಬರುವುದು ಆಗಲೇ ಗೊತ್ತಾಗಿತ್ತಾದ್ದರಿಂದ ಈ ಅನುಮಾನ ಪೂರ್ತಿ ತಲೆಬುಡವಿಲ್ಲದ್ದೇನೂ ಆಗಿರಲಿಲ್ಲ. ಆದರೆ ಅದು ನಿಜವಾದರೆ ಶೆಡ್ಡಿನ ಅಷ್ಟೂ ವರ್ಷಗಳ ಕೆಲಸದ ಅರ್ಥವೇ ಬದಲಾಗುತ್ತಿತ್ತು.

ಮೇರಿ ಮಾತಿನಲ್ಲಿ ವಾದಕ್ಕೆ ಇಳಿಯಲಿಲ್ಲ, ಮತ್ತೆ ಬಟ್ಟಲು ಹಿಡಿದರು. 1907ರಲ್ಲಿ ಸುಮಾರು 0.4 ಗ್ರಾಂ ಉಪ್ಪನ್ನು ಇನ್ನೂ ಶುದ್ಧ ಮಾಡಿ ತೂಗಿದರು. ಈ ಸಲ ಬಂದದ್ದು 226ಕ್ಕಿಂತ ತುಸು ಹೆಚ್ಚು. ಇಂದು ಒಪ್ಪಿತವಾಗಿರುವುದು 226. 1910ರಲ್ಲಿ ಡೆಬಿಯೆರ್ನ್ ಜೊತೆ ಸೇರಿ ಕೊನೆಯ ಹೆಜ್ಜೆ ಇಟ್ಟರು. ರೇಡಿಯಂ ಉಪ್ಪಿನ ದ್ರಾವಣದಲ್ಲಿ ವಿದ್ಯುತ್ ಹರಿಸಿ ಲೋಹವನ್ನು ಪಾದರಸದೊಳಗೆ ಇಳಿಸಿದರು. ಆಮೇಲೆ ಹೈಡ್ರೋಜನ್ ಅನಿಲದಲ್ಲಿ ಕಾಯಿಸಿ ಪಾದರಸವನ್ನು ಆವಿ ಮಾಡಿ ಓಡಿಸಿದರು. ಉಳಿದದ್ದು ಹೊಳೆಯುವ ಬಿಳಿ ಲೋಹ. ಗಾಳಿ ಸೋಕಿದ ಕೂಡಲೇ ಅದು ಕಪ್ಪಾಯಿತು. ಉಪ್ಪಾಗಿ ಮಾತ್ರ ಗೊತ್ತಿದ್ದ ರೇಡಿಯಂ ಮೊದಲ ಸಲ ಲೋಹವಾಗಿ ಕಣ್ಣಿಗೆ ಕಂಡಿತ್ತು.

1911ರ ಜನವರಿಯಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಲಿಲ್ಲ. ಅದೇ ವರ್ಷದ ಕೊನೆಗೆ ರಸಾಯನಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಬಂತು. ರೇಡಿಯಂ ಅನ್ನು ಬೇರ್ಪಡಿಸಿದ್ದು ಆ ಪ್ರಶಸ್ತಿಗೆ ಕೊಟ್ಟ ಕಾರಣಗಳಲ್ಲಿ ಒಂದು.

ಪೊಲೋನಿಯಂ ಮಾತ್ರ ಅವರ ಕೈಗೆ ಹೀಗೆ ಸಿಗಲಿಲ್ಲ. 138 ದಿನಕ್ಕೆ ಅರ್ಧದಷ್ಟು ತಾನೇ ಕರಗಿಹೋಗುವ ಧಾತು ಅದು. ಶುದ್ಧ ಮಾಡುತ್ತಿರುವಾಗಲೇ ಮಾಯವಾಗುತ್ತಿತ್ತು. ರೇಡಿಯಂ ಅರ್ಧವಾಗಲು 1600 ವರ್ಷ ಬೇಕು.

ತಾವೇ ಒರೆಗಲ್ಲು ಮಾಡಿಕೊಟ್ಟರು

ಆ ಹೊತ್ತಿಗೆ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಗಡ್ಡೆಗಳ ಮೇಲೆ ರೇಡಿಯಂ ಬಳಸಲು ಶುರು ಮಾಡಿದ್ದರು. ಬೆಲೆ ಗಗನಕ್ಕೇರಿತ್ತು. ಕೊಳ್ಳುವವರಿಗೆ ಸಿಗುತ್ತಿರುವುದರಲ್ಲಿ ರೇಡಿಯಂ ಎಷ್ಟಿದೆ ಎಂದು ಗೊತ್ತಾಗುವುದು ಹೇಗೆ? ವೈದ್ಯರು ಲೆಕ್ಕ ತಪ್ಪಿದರೆ ರೋಗಿಯ ಗತಿ? 1911ರಲ್ಲಿ ಮೇರಿ ಸುಮಾರು 22 ಮಿಲಿಗ್ರಾಂ ಶುದ್ಧ ರೇಡಿಯಂ ಕ್ಲೋರೈಡನ್ನು ತೂಗಿ ಗಾಜಿನ ಕೊಳವೆಯಲ್ಲಿಟ್ಟು ಬೆಸೆದರು. ವಿಯೆನ್ನಾದಲ್ಲಿ ಬೇರೆಯಾಗಿ ತಯಾರಿಸಿದ ಮಾದರಿಯ ಜೊತೆ 1912ರಲ್ಲಿ ಹೋಲಿಸಿದಾಗ ಎರಡೂ ತಾಳೆಯಾದವು. ಮೇರಿಯ ಕೊಳವೆಯೇ ಜಗತ್ತಿನ ಮೂಲ ಅಳತೆಯಾಗಿ ಪ್ಯಾರಿಸ್ ಪಕ್ಕದ ಸೇವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ಸೇರಿತು. ಬೇರೆ ಯಾರ ಬಳಿಯ ರೇಡಿಯಂ ಆದರೂ ಇದರ ಜೊತೆ ಹೋಲಿಸಿ ಹೇಳಬಹುದಿತ್ತು.

ಶುದ್ಧ ಎಂದರೆ ಒಳ್ಳೆಯದೇ?

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ರೇಡಿಯಂ ಹೆಸರು ಮಾಡಿದ ಮೇಲೆ ಅದನ್ನು ಟಾನಿಕ್ ಎಂದು ಮಾರುವವರು ಹುಟ್ಟಿಕೊಂಡರು. ಕ್ರೀಮ್, ನೀರು, ಮಾತ್ರೆ ಎಲ್ಲದರಲ್ಲೂ ರೇಡಿಯಂ ಎಂಬ ಜಾಹೀರಾತು. ಅವುಗಳಲ್ಲಿ ಹಲವು ಬರೀ ಮೋಸ, ರೇಡಿಯಂ ಇರಲೇ ಇಲ್ಲ. ಮೋಸ ಹೋದವರು ಬಚಾವಾದರು. ಅಮೆರಿಕದಲ್ಲಿ ರೇಡಿಥಾರ್ ಎಂಬ ನೀರಿನಲ್ಲಿ ಮಾತ್ರ ನಿಜವಾದ ರೇಡಿಯಂ ಇತ್ತು. ಅದನ್ನು ವರ್ಷಗಟ್ಟಲೆ ಕುಡಿದ ಈಬನ್ ಬೈಯರ್ಸ್ ಎಂಬ ಶ್ರೀಮಂತ ದವಡೆ ಮೂಳೆ ಕೊಳೆತು 1932ರಲ್ಲಿ ಸತ್ತರು. ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಅನೇಕರಿಗೂ ಅದೇ ಗತಿಯಾಯಿತು. ಬೇರಿಯಂನಂತೆಯೇ ಕ್ಯಾಲ್ಸಿಯಂಗೂ ರೇಡಿಯಂ ನೆಂಟ. ಹಾಗಾಗಿ ದೇಹ ಅದನ್ನು ಸುಣ್ಣವೆಂದು ಭಾವಿಸಿ ಮೂಳೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಮೇರಿ 1934ರ ಜುಲೈ 4ರಂದು ಅಪ್ಲಾಸ್ಟಿಕ್ ಅನೀಮಿಯಾ ಎಂಬ ರಕ್ತದ ಕಾಯಿಲೆಯಿಂದ ತೀರಿಕೊಂಡರು. ಮೂಳೆಯ ಮಜ್ಜೆ ರಕ್ತಕಣ ತಯಾರಿಸುವುದನ್ನು ನಿಲ್ಲಿಸುವ ಕಾಯಿಲೆ ಅದು. ರೇಡಿಯಂ ಅವರನ್ನು ಕೊಂದಿತು ಎಂದು ಎಲ್ಲೆಡೆ ಓದುತ್ತೇವೆ. ಆದರೆ 1995ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯಾನ್‌ಗೆ ಸಾಗಿಸಲು ಸಮಾಧಿ ತೆರೆದಾಗ ವಿಕಿರಣ ಅಳೆದರು. ದೇಹದೊಳಗೆ ಸೇರಿದ್ದ ರೇಡಿಯಂ ಆ ಮಟ್ಟಕ್ಕೆ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅವರು ಎಕ್ಸ್‌ರೇ ಗಾಡಿಗಳನ್ನು ಸಜ್ಜು ಮಾಡಿ, ಗಾಯಗೊಂಡ ಸೈನಿಕರ ದೇಹದಲ್ಲಿ ಗುಂಡು ಎಲ್ಲಿದೆ ಎಂದು ತೋರಿಸುತ್ತಿದ್ದರು. ರಕ್ಷಣೆಯಿಲ್ಲದೆ ಮಾಡಿದ ಆ ಎಕ್ಸ್‌ರೇ ಕೆಲಸವೇ ಹೆಚ್ಚು ಕಾರಣವಾಗಿರಬಹುದು ಎಂದು ಅಳತೆ ಮಾಡಿದವರು ಅಭಿಪ್ರಾಯಪಟ್ಟರು. ಅವರ ನೋಟ್‌ಬುಕ್‌ಗಳಿಗೆ ಮಾತ್ರ ರೇಡಿಯಂ ಅಂಟಿಕೊಂಡೇ ಇದೆ. ಇಂದಿಗೂ ಅವನ್ನು ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಅಂಗಡಿಯಲ್ಲಿ ನೂರಕ್ಕೆ ನೂರು ಶುದ್ಧ ಎಂಬ ಚೀಟಿ ಕಂಡಾಗ ನಾವು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಶುದ್ಧ ಎಂದರೆ ಯಾವುದರಿಂದ ಬೇರ್ಪಡಿಸಿದ್ದು? ಅದನ್ನು ಯಾವ ಪರೀಕ್ಷೆ ಮಾಡಿ ಹೇಳಿದರು? ಶುದ್ಧವಾದ ಆ ವಸ್ತು ನಮ್ಮ ದೇಹಕ್ಕೆ ಏನು ಮಾಡುತ್ತದೆ? ಮೊದಲ ಎರಡಕ್ಕೆ ಉತ್ತರ ಕೊಡುವುದರಲ್ಲಿ ಮೇರಿ ಕ್ಯೂರಿ 12 ವರ್ಷ ಕಳೆದರು. ಮೂರನೆಯದರ ಉತ್ತರ ಜಗತ್ತಿಗೆ ತಡವಾಗಿ ಸಿಕ್ಕಿತು. ಇನ್ನು ಆಟೋ ಹಿಂದಿನ ಸ್ಟಿಕರ್ ಬಗ್ಗೆ ಹೆದರಬೇಡಿ. ಅದು ಹೆಸರಿಗೆ ಮಾತ್ರ ರೇಡಿಯಂ.